ಕ್ಯಾನ್ಸರ್ ಕಳಿಸುವ ಓಲೆ

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ದೂರದ ಶ್ವಾಸಕೋಶವನ್ನು ಸೇರುವುದು ಹೇಗೆ? ಉತ್ತರದ ಒಂದು ಭಾಗ ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿದೆ.

ಜೀವಕೋಶಗಳು ಹೊರಬಿಡುವ ಈ ಚೀಲಗಳ ವ್ಯಾಸ ಸುಮಾರು 30ರಿಂದ 150 ನ್ಯಾನೊಮೀಟರ್. 1980ರ ದಶಕದಲ್ಲಿ ಇವನ್ನು ಕಂಡಾಗ ಕೋಶದ ಕಸವೆಂದೇ ಹಲವರು ಭಾವಿಸಿದ್ದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅವುಗಳೊಳಗೆ ಮೈಕ್ರೋಆರ್‌ಎನ್‌ಎ ಇರುವುದನ್ನು ತೋರಿಸಿದರು. ಸುಮಾರು 22 ಅಕ್ಷರಗಳಷ್ಟೇ ಉದ್ದದ ಈ ಎಳೆ, ಕೋಶದಲ್ಲಿ ನಿರ್ದಿಷ್ಟ ಪ್ರೋಟೀನುಗಳ ತಯಾರಿಕೆಯನ್ನು ತಡೆಯುತ್ತದೆ. ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸ್ತನ ಕ್ಯಾನ್ಸರಿನ ಕೆಲವು ಕೋಶಗಳು ಮಿಆರ್-105 ಎಂಬ ಎಳೆಯನ್ನು ಚೀಲದಲ್ಲಿಟ್ಟು ಕಳಿಸುತ್ತವೆ. ಅದು ರಕ್ತನಾಳದ ಗೋಡೆಯ ಕೋಶಗಳನ್ನು ಹೊಕ್ಕು, ಅವುಗಳನ್ನು ಬಿಗಿಯಾಗಿ ಬೆಸೆದಿರುವ ಪ್ರೋಟೀನನ್ನು ತಗ್ಗಿಸುತ್ತದೆ. ಗೋಡೆ ಸಡಿಲವಾಗುತ್ತದೆ, ಕ್ಯಾನ್ಸರ್ ಕೋಶ ನುಸುಳುತ್ತದೆ. ಇಲಿಗಳಲ್ಲಿ ಈ ಎಳೆಯನ್ನು ತಡೆದಾಗ ರೋಗ ಹರಡುವುದು ಕಡಿಮೆಯಾಯಿತೆಂದು 2014ರಲ್ಲಿ ವರದಿಯಾಯಿತು.

ಹಾಗಾದರೆ ಈ ಓಲೆಯನ್ನು ನಾವೂ ಓದಬಹುದಲ್ಲವೇ? ಓದಬಹುದು. ಚೀಲಗಳು ರಕ್ತದಲ್ಲೂ ಮೂತ್ರದಲ್ಲೂ ಸಿಗುತ್ತವೆ, ಒಳಗಿನ ಎಳೆ ಕೆಡದಂತೆ ಕಾಯುತ್ತವೆ. ಆದರೆ ಆರೋಗ್ಯವಾದ ಕೋಶಗಳೂ ಇಂಥ ಚೀಲಗಳನ್ನು ಬಿಡುವುದರಿಂದ ರೋಗದ ಓಲೆಯನ್ನು ಬೇರ್ಪಡಿಸುವುದು ಕಷ್ಟ. ಬಯಾಪ್ಸಿಯ ಸ್ಥಾನವನ್ನು ಈ ಪರೀಕ್ಷೆ ಇನ್ನೂ ಪಡೆದಿಲ್ಲ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಗಂಟು ಕಾಣಿಸಿಕೊಂಡರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲು ನೀವೇ ಹೇಳಿ.