ಮಕ್ಕಳ ವೈದ್ಯರ ಹಾದಿ

ಕೂಸನ್ನು ತೋರಿಸಲು ಬಂದ ಹಿರಿಯರು ನಾವು ಚೀಟಿ ಬರೆಯುವಷ್ಟರಲ್ಲಿ ಎರಡು ಪ್ರಶ್ನೆ ಕೇಳುವುದುಂಟು. ಮಕ್ಕಳ ಡಾಕ್ಟರಾಗಲು ಎಷ್ಟು ವರ್ಷ ಓದಬೇಕು ಎಂಬುದು ಮೊದಲನೆಯದು. ಅಷ್ಟು ಓದಿಯೂ ಈ ಊರಿನಲ್ಲಿ ಏಕೆ ಉಳಿದಿರಿ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ದ್ವಿತೀಯ ಪಿಯುಸಿಯ ನಂತರ ನೀಟ್ ಪರೀಕ್ಷೆ ಬರೆದು ಎಂಬಿಬಿಎಸ್ ಸೇರಬೇಕು. ಅದರ ವ್ಯಾಸಂಗ ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿಯೇ ತರಬೇತಿ. ಮತ್ತೊಂದು ಪ್ರವೇಶ ಪರೀಕ್ಷೆಯನ್ನು ದಾಟಿದರೆ ಮಕ್ಕಳ ವಿಭಾಗದಲ್ಲಿ ಎಂ.ಡಿ.ಗೆ 3 ವರ್ಷ, ಡಿಪ್ಲೊಮಾ ಆದರೆ 2 ವರ್ಷ. ಎಂ.ಡಿ.ಯವರೆಗೆ ಒಟ್ಟು ಎಂಟೂವರೆ ವರ್ಷ, ಅದೂ ಎಲ್ಲಿಯೂ ಎಡವದೆ ಸಾಗಿದವರಿಗೆ.

ಇಷ್ಟು ಓದು ಏಕೆಂದರೆ ಮಗುವಿನ ಶರೀರಧರ್ಮವೇ ಬೇರೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಕೂಡ ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ಲೆಕ್ಕ ಹಾಕಿ ಕೊಡಬೇಕಾದುದು. ಆದುದರಿಂದಲೇ ನಮ್ಮ ಕೋಣೆಯಲ್ಲಿ ಸ್ಟೆತಸ್ಕೋಪಿಗಿಂತ ಮೊದಲು ತೂಕದ ಯಂತ್ರಕ್ಕೆ ಕೆಲಸ. ಅಣ್ಣನಿಗೆ ತಂದ ಔಷಧವನ್ನು ತಮ್ಮನಿಗೂ ಎರಡು ಚಮಚ ಕುಡಿಸುವ ತಾಯಂದಿರು ಇದನ್ನು ದಯಮಾಡಿ ಗಮನಿಸಬೇಕು.

ಸಮುದಾಯ ಆರೋಗ್ಯ ಕೇಂದ್ರವೆಂದರೆ 30 ಹಾಸಿಗೆಗಳ ಆಸ್ಪತ್ರೆ. ಬಯಲುಸೀಮೆಯಲ್ಲಿ 1,20,000 ಜನರಿಗೆ, ಗುಡ್ಡಗಾಡಿನಲ್ಲಿ 80,000 ಜನರಿಗೆ ಒಂದು ಕೇಂದ್ರವಿರಬೇಕೆಂಬುದು ಸರಕಾರದ ಮಾನದಂಡ. ಇಂತಹ ಕಡೆ ಮಕ್ಕಳ ವೈದ್ಯರು ಇದ್ದರೆ ಒಬ್ಬರೇ. ನಾವು ರಜೆ ಹಾಕಿದರೆ ಆ ಕುರ್ಚಿ ಖಾಲಿ. ಸಂತೆಯ ದಿನ ಹೊರರೋಗಿಗಳ ಸಾಲು ಬಾಗಿಲು ದಾಟುತ್ತದೆ. ಜಾತ್ರೆ ಮುಗಿದ ಮರುದಿನ ವಾಂತಿಭೇದಿಯ ಕೂಸುಗಳೇ ಹೆಚ್ಚು.

ಹಗಲಿನ ಕೆಲಸವನ್ನು ಅಭ್ಯಾಸವು ಹಗುರಗೊಳಿಸುತ್ತದೆ, ರಾತ್ರಿಯದನ್ನು ಹಾಗೆನ್ನಲಾಗದು. ಹೆರಿಗೆ ಕೋಣೆಯಲ್ಲಿ ಹುಟ್ಟಿದ ಶಿಶು ಅಳದಿದ್ದರೆ, ಅದನ್ನು ಒರೆಸಿ, ಬೆಚ್ಚಗಿಟ್ಟು, ಉಸಿರಾಡದಿದ್ದರೆ ಮಾಸ್ಕ್ ಇಟ್ಟು ಉಸಿರು ತುಂಬಲು ಆರಂಭಿಸಲು ನಮಗಿರುವುದು ಒಂದು ನಿಮಿಷ. ಉಸಿರು ಮರಳಿದ ಮೇಲೆ ಇನ್ನೂ ಕಠಿಣವಾದ ಪ್ರಶ್ನೆ: ಇಲ್ಲಿಯೇ ಇರಿಸಿಕೊಳ್ಳುವುದೋ, ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಕಳುಹಿಸುವುದೋ? ಇಟ್ಟುಕೊಂಡರೆ ಸಲಕರಣೆ ಸಾಲದು. ಕಳುಹಿಸಿದರೆ ದಾರಿಯಲ್ಲಿ ಮೈ ತಣ್ಣಗಾಗುವ ಭಯ. ಕಳುಹಿಸುವಾಗ ಸಾಧ್ಯವಾದಲ್ಲೆಲ್ಲ ಶಿಶುವನ್ನು ತಾಯಿಯ ಅಥವಾ ಅಜ್ಜಿಯ ಬರಿಮೈಗೆ ಅಪ್ಪಿಸಿ, ಮೇಲೆ ಹೊದಿಸಿ 108 ವಾಹನ ಹತ್ತಿಸುತ್ತೇವೆ. ಬೆಚ್ಚಗಿಡಲು ಅದಕ್ಕಿಂತ ಒಳ್ಳೆಯ ಯಂತ್ರ ನಮ್ಮ ಬಳಿಯಿಲ್ಲ.

ನಮ್ಮಿಂದಾದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಸೇವೆಗೆ ಸೇರಿದ ಮೊದಲ ವರ್ಷ, ಕಾಮಾಲೆಯಾದ ಹತ್ತು ದಿನದ ಕೂಸೊಂದನ್ನು ಹೊಟ್ಟೆಯ ಮೇಲೆ ಬರೆ ಹಾಕಿಸಿ ಕರೆತಂದರು. ಸಿಟ್ಟಿನಲ್ಲಿ ನಾವು ಆ ಅಜ್ಜಿಯನ್ನು ಎಲ್ಲರೆದುರು ಬೈದೆವು. ಆಕೆ ತಲೆ ತಗ್ಗಿಸಿ ನಿಂತಿದ್ದರು. ನೀಲಿ ಬೆಳಕಿನ ಚಿಕಿತ್ಸೆಯಿಂದ ಕೂಸು ಗುಣವಾಗಿ ಮನೆಗೆ ಹೋಯಿತು. ಮರುವರ್ಷ ಅದೇ ಓಣಿಯ ಇನ್ನೊಂದು ಕೂಸು ನ್ಯುಮೋನಿಯಾ ಆಗಿ ನಾಲ್ಕನೆಯ ದಿನ ಬಂತು. ಅದರ ಎದೆಯ ಮೇಲೂ ಬರೆಯಿತ್ತು. ತಡವೇಕೆಂದು ಕೇಳಿದಾಗ ತಾಯಿ ಅಳುತ್ತ, "ನೀವು ಬೈತೀರಂತ ಅಂಜಿದ್ವಿರಿ" ಎಂದಳು. ಆ ಕೂಸು ಉಳಿಯಲಿಲ್ಲ. ಬರೆ ಹಾಕುವುದು ಕಾಮಾಲೆಯನ್ನಾಗಲಿ ಕಫವನ್ನಾಗಲಿ ಇಳಿಸದು, ಎಳೆಯ ಚರ್ಮಕ್ಕೆ ಗಾಯ ಮಾಡಿ ಸೋಂಕು ತರುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ಈಗ ನಾವು ಮೊದಲು, "ಯವ್ವಾ, ಮನ್ಯಾಗ ಕೂಸಿಗೆ ಏನೇನ ಮಾಡೀರಿ?" ಎಂದು ಕೇಳುತ್ತೇವೆ. ಉತ್ತರ ಏನೇ ಇರಲಿ, ಮುಖ ಗಂಟಿಕ್ಕುವುದಿಲ್ಲ. ಹಾಗೆ ಕೇಳಲು ಆರಂಭಿಸಿದ ಮೇಲೆ ಮೊದಲ ಹಾಲಿನ ಸಂಗತಿಯೂ ಹೊರಬಿದ್ದಿತು. ಆಕಳು ಈದಾಗ ಗಿಣ್ಣವನ್ನು ಓಣಿಗೆಲ್ಲ ಹಂಚುವ ಮನೆಗಳಲ್ಲಿಯೇ ಬಾಣಂತಿಯ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು!

ಕೆಮ್ಮು ಇರುವ ಮಗುವನ್ನು ಯಾವಾಗ ಕರೆತರಬೇಕೆಂಬುದನ್ನು ಮನೆಯಲ್ಲಿಯೇ ತಿಳಿಯಬಹುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿಗೆ 60 ಅಥವಾ ಹೆಚ್ಚು, ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು, ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದೇ ದಿನ ಕರೆತನ್ನಿರಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಇಲ್ಲವೆ ಹಾಲು ಕುಡಿಯಲಾಗದಿದ್ದರೆ, ಬೆಳಗಾಗುವವರೆಗೂ ಕಾಯಬಾರದು. ಭೇದಿಯಾದರೆ ಎದೆಹಾಲು ನಿಲ್ಲಿಸದೆ ಓಆರ್‌ಎಸ್ ಕುಡಿಸಿರಿ. ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತಿತೆಂದು ಬಿಡದೆ 14 ದಿನ ಮುಗಿಸಿರಿ.

ಇನ್ನು ಎರಡನೆಯ ಪ್ರಶ್ನೆ. ನಾವು ಬಂದದ್ದು 2012ರ ಕಾಯ್ದೆಯಂತೆ ಕಡ್ಡಾಯ ಸೇವೆಯ ಒಂದು ವರ್ಷಕ್ಕೆ ಮಾತ್ರ, ದೊಡ್ಡ ಸಂಕಲ್ಪವೇನೂ ಇರಲಿಲ್ಲ. ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಸಂಪಾದನೆ ಹೆಚ್ಚು, ರಾತ್ರಿಪಾಳಿ ಹಂಚಿಕೊಳ್ಳಲು ಜೊತೆಗಾರರೂ ಉಂಟು. ಹೋದವರನ್ನು ನಾವು ದೂರುವುದಿಲ್ಲ. ಹೊರಡಲು ನಾವೂ ಒಮ್ಮೆ ಪತ್ರ ಬರೆದಿಟ್ಟಿದ್ದೆವು. ಆ ವಾರವೇ ಅಂದು ಬೈಸಿಕೊಂಡ ಅಜ್ಜಿ, ನೆರೆಮನೆಯ ಬಾಣಂತಿಯನ್ನೂ ಮೂರು ದಿನದ ಹಳದಿಗಣ್ಣಿನ ಕೂಸನ್ನೂ ಟಂಟಂನಲ್ಲಿ ಕೂರಿಸಿಕೊಂಡು ಬಂದರು. ಕೂಸಿನ ಮೈಮೇಲೆ ಬರೆಯಿರಲಿಲ್ಲ.