ಕೋಚನಹಳ್ಳಿಗೆ ಬರಬೇಕಿದ್ದ ಚಿಪ್ ಕಾರ್ಖಾನೆ

2022ರ ಮೇ ತಿಂಗಳು. ಮೊದಲ ಪಿಯುಸಿ ಮುಗಿಸಿ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ರಜೆಯಲ್ಲಿದ್ದೆ. ಹೊಗೆಸೊಪ್ಪಿನ ಸಸಿ ನಾಟಿ ಮಾಡುವ ಕಾಲ. ಹೊಲದಿಂದ ಬಂದ ಅಪ್ಪ ಕೈ ತೊಳೆದು ಪೇಪರು ಹಿಡಿದವರೇ, ‘ಮೈಸೂರ್ಗೇ ಚಿಪ್ ಫ್ಯಾಕ್ಟ್ರಿ ಬತ್ತದಂತೆ ಕಣವ್ವ. ನೀನು ಅದ್ಕೆ ಬೇಕಾದ್ದೇ ಓದು’ ಎಂದರು. ಅವತ್ತೇ ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಬೇಕು ಎಂದು ನಿರ್ಧರಿಸಿಬಿಟ್ಟೆ.

ಇವತ್ತು ನಾನು ಮೈಸೂರಿನಲ್ಲಿ ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಕಾರ್ಖಾನೆ ಮಾತ್ರ ಬರಲಿಲ್ಲ. ಹಾಸ್ಟೆಲ್‌ನ ನಮ್ಮ ರೂಮಿನಲ್ಲಿ ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರೇ ಇದ್ದೇವೆ. ಶನಿವಾರ ಸಂಜೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆ ಸೇರುವಂಥ ಕೆಲಸ ಎಲ್ಲರ ಕನಸು. ಹಾಗಾಗಿ ಆ ಕಾರ್ಖಾನೆ ಏಕೆ ಬರಲಿಲ್ಲ ಎಂದು ಹುಡುಕುತ್ತಾ ಹೋದೆ. ನಮ್ಮವರ ತಪ್ಪೇ ಇರಬೇಕು ಎಂದುಕೊಂಡಿದ್ದವಳಿಗೆ ಸಿಕ್ಕಿದ್ದು ಮೈಸೂರಿಗೂ ದೆಹಲಿಗೂ ಆಚೆ ನಡೆದ ಒಂದು ಬಂಡವಾಳದ ಕಥೆ.

ಒಪ್ಪಂದ ಇಲ್ಲಿ, ಬೀಗದ ಕೈ ಅಲ್ಲಿ

2022ರ ಮೇ 1ರಂದು ರಾಜ್ಯ ಸರ್ಕಾರ ಐಎಸ್‌ಎಂಸಿ ಎಂಬ ಸಂಸ್ಥೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಹೂಡಿಕೆ 22,900 ಕೋಟಿ ರೂಪಾಯಿ, ನೇರ ಉದ್ಯೋಗ 1,500. ಜಾಗ ಕೇಳಿದ್ದು ಮೈಸೂರು ಹತ್ತಿರದ ಕೋಚನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, 150 ಎಕರೆ. ಐಎಸ್‌ಎಂಸಿ ಎಂದರೆ ಅಬುಧಾಬಿಯ ನೆಕ್ಸ್ಟ್ ಆರ್ಬಿಟ್ ವೆಂಚರ್ಸ್ ಮತ್ತು ಇಸ್ರೇಲಿನ ಟವರ್ ಸೆಮಿಕಂಡಕ್ಟರ್ ಸೇರಿದ ಕೂಟ. ದುಡ್ಡು ಒಬ್ಬರದು, ವಿದ್ಯೆ ಇನ್ನೊಬ್ಬರದು. ಚಿಪ್ ಮಾಡುವ ತಂತ್ರಜ್ಞಾನ ಟವರ್ ಕೈಯಲ್ಲಿತ್ತು.

ಆದರೆ ಅದಕ್ಕೂ ಎರಡೂವರೆ ತಿಂಗಳ ಮೊದಲೇ, 2022ರ ಫೆಬ್ರುವರಿಯಲ್ಲಿ, ಅಮೆರಿಕದ ಇಂಟೆಲ್ ಕಂಪನಿ ಟವರನ್ನು ಪೂರ್ತಿಯಾಗಿ 540 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತ್ತು. ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ವ್ಯವಹಾರದಲ್ಲಿ ತೈವಾನಿನ ಟಿಎಸ್‌ಎಂಸಿಯದೇ ಮೇಲುಗೈ. ಅಲ್ಲಿಗೆ ನುಗ್ಗಲು ಇಂಟೆಲ್‌ಗೆ ಟವರ್ ಬೇಕಿತ್ತು. ಖರೀದಿ ನಡೆಯುತ್ತಿರುವಾಗ ಟವರ್ ಇನ್ನೊಂದು ದೇಶದಲ್ಲಿ ದೊಡ್ಡ ಕರಾರಿಗೆ ಸಹಿ ಹಾಕುವ ಸ್ಥಿತಿಯಲ್ಲಿ ಇರಲಿಲ್ಲ. ಹೆಣ್ಣಿನ ನಿಶ್ಚಿತಾರ್ಥ ಆದಮೇಲೆ ಬೇರೆ ಸಂಬಂಧದ ಮಾತು ಆಡುವಂತಿಲ್ಲವಲ್ಲ, ಹಾಗೆ. ಕೇಂದ್ರದ ಪ್ರೋತ್ಸಾಹಧನಕ್ಕೆ ಹಾಕಿದ್ದ ಅರ್ಜಿಯೂ ಮುಂದೆ ಹೋಗಲಿಲ್ಲ. 2023ರ ಮಧ್ಯದ ಹೊತ್ತಿಗೆ ಯೋಜನೆ ನಿಂತೇಹೋಗಿತ್ತು.

ಕೊನೆಗೆ ಆ ಮದುವೆಯೂ ಆಗಲಿಲ್ಲ. ಚೀನಾದ ಅನುಮತಿ ಗಡುವಿನೊಳಗೆ ಸಿಗದೆ 2023ರ ಆಗಸ್ಟ್ 16ರಂದು ಇಂಟೆಲ್ ಹಿಂದೆ ಸರಿಯಿತು. ಕರಾರಿನಂತೆ ಟವರ್‌ಗೆ 35.3 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಹದಿನೆಂಟು ತಿಂಗಳು ಕಾದದ್ದಕ್ಕೆ ಟವರ್‌ಗೆ ದುಡ್ಡಾದರೂ ಸಿಕ್ಕಿತು. ಕಾದ ಮೈಸೂರಿಗೆ ಏನೂ ಸಿಗಲಿಲ್ಲ. ಸಿಇಟಿ ಸೀಟು ಹಂಚಿಕೆಯ ಆ ದಿನಗಳಲ್ಲಿ ನಾನು ಈ ಸುದ್ದಿ ಗಮನಿಸದೆ ಆಪ್ಷನ್ ಎಂಟ್ರಿಯಲ್ಲಿ ಇಸಿ ಬ್ರಾಂಚನ್ನು ಮೊದಲು ಹಾಕುತ್ತಿದ್ದೆ!

ಹರಾಜು ಕಟ್ಟೆಯ ಲೆಕ್ಕ

ಒಂದು ಕಂಪನಿಗೆ ಹೊರಗಿನ ದುಡ್ಡು ಬಂದರೆ ಪೈಪೋಟಿ ಹೆಚ್ಚುತ್ತದೋ ಕಡಿಮೆಯಾಗುತ್ತದೋ? ಇದನ್ನು ಅರ್ಥಮಾಡಿಕೊಳ್ಳಲು ನನಗೆ ಪಠ್ಯಪುಸ್ತಕಕ್ಕಿಂತ ಹೊಗೆಸೊಪ್ಪಿನ ಹರಾಜು ಕಟ್ಟೆಯೇ ಸಹಾಯ ಮಾಡಿತು.

ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನು ಬೇಲ್ ಕಟ್ಟಿ ಅಪ್ಪ ಹರಾಜಿಗೆ ಒಯ್ಯುತ್ತಾರೆ. ಅಲ್ಲಿ ಅವರು ಮೊದಲು ನೋಡುವುದು ರೇಟನ್ನಲ್ಲ, ಎಷ್ಟು ಜನ ಬೈಯರ್‌ಗಳು ಬಂದಿದ್ದಾರೆ ಎಂಬುದನ್ನು. ಆರೇಳು ಜನ ಇದ್ದರೆ ಅದೇ ಸೊಪ್ಪಿಗೆ ಒಂದು ಬೆಲೆ. ಇಬ್ಬರೇ ಇದ್ದರೆ ಇನ್ನೊಂದು ಬೆಲೆ. ಕೆಲವು ದಿನ ‘ನೋ ಬಿಡ್’ ಆಗಿ ಬೇಲ್ ಮನೆಗೆ ವಾಪಸ್.

ಈಗ ಯೋಚಿಸಿ. ದುಡ್ಡಿಲ್ಲದೆ ಹಿಂದೆ ಸರಿಯುತ್ತಿದ್ದ ಬೈಯರ್‌ಗೆ ಹೊರಗಿನವರು ಯಾರೋ ಬಂಡವಾಳ ಕೊಟ್ಟು ಕಟ್ಟೆಯಲ್ಲಿ ಉಳಿಸಿದರೆ ರೈತನಿಗೆ ಲಾಭ. ಕೂಗುವವರು ಒಬ್ಬರು ಹೆಚ್ಚಾದರು. ಅದೇ ದುಡ್ಡನ್ನು ಪಕ್ಕದಲ್ಲೇ ನಿಂತ ಎದುರಾಳಿ ಬೈಯರ್ ಕೊಟ್ಟರೆ? ನಿಂತವರು ಇಬ್ಬರೇ ಆದರೂ ಜೇಬು ಒಂದೇ. ದುಡ್ಡು ಎಷ್ಟು ಎಂಬುದಕ್ಕಿಂತ ಯಾರದ್ದು ಎಂಬುದೇ ಮುಖ್ಯ.

ಎಎಂಡಿಯನ್ನು ಉಳಿಸಿದ ಅಬುಧಾಬಿ

ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಎಎಂಡಿ. ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ‘ಇಂಟೆಲ್ಲೋ ರೈಜನ್ನೋ’ ಎಂದು ಅಂಗಡಿಯವರು ಕೇಳುತ್ತಾರಲ್ಲ, ಆ ಪ್ರಶ್ನೆಯೇ ಇಲ್ಲದೆ ಹೋಗುವ ಕಾಲವೊಂದಿತ್ತು. 2006ರಲ್ಲಿ ಕೆನಡಾದ ಎಟಿಐ ಕಂಪನಿಯನ್ನು ಕೊಂಡ ಎಎಂಡಿ ಸಾಲದಲ್ಲಿ ಸಿಲುಕಿತು. 2007ರ ನವೆಂಬರ್‌ನಲ್ಲಿ ಅಬುಧಾಬಿ ಸರ್ಕಾರದ ಮುಬಾದಲ ಸಂಸ್ಥೆ 62.2 ಕೋಟಿ ಡಾಲರ್ ಕೊಟ್ಟು ಅದರಲ್ಲಿ ಸುಮಾರು ಶೇ 8ರಷ್ಟು ಪಾಲು ಪಡೆಯಿತು. 2009ರಲ್ಲಿ ಎಎಂಡಿ ತನ್ನ ಕಾರ್ಖಾನೆಗಳನ್ನೇ ಬೇರ್ಪಡಿಸಿತು. ಅಬುಧಾಬಿಯ ಹಣದಿಂದ ಅದು ಗ್ಲೋಬಲ್‌ಫೌಂಡ್ರೀಸ್ ಎಂಬ ಹೊಸ ಕಂಪನಿಯಾಯಿತು. ಎಎಂಡಿಗೆ ಉಳಿದದ್ದು ವಿನ್ಯಾಸದ ಕೆಲಸ.

ಇಂಟೆಲ್ ಸುಮ್ಮನಿರಲಿಲ್ಲ. ಎಕ್ಸ್86 ತಂತ್ರಜ್ಞಾನ ಬಳಸಲು ಎಎಂಡಿಗೆ ಕೊಟ್ಟ ಪರವಾನಗಿ ಈ ಹೊಸ ಕಂಪನಿಗೆ ಅನ್ವಯಿಸುವುದಿಲ್ಲ ಎಂದು ತಕರಾರು ತೆಗೆಯಿತು. ಹೊರಗಿನವರ ಹಣ ಬಂದ ಕೂಡಲೇ ಎದುರಾಳಿ ಹಳೆಯ ಕರಾರು ಪತ್ರ ಬಿಚ್ಚಿ ಕೂತಿತು. 2009ರ ನವೆಂಬರ್‌ನಲ್ಲಿ ರಾಜಿಯಾಗಿ ಇಂಟೆಲ್ಲೇ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟಿತು. ಉಳಿದುಕೊಂಡ ಎಎಂಡಿ 2017ರಲ್ಲಿ ರೈಜನ್ ಚಿಪ್ ತಂದಾಗ ಇಂಟೆಲ್ ತನ್ನ ಚಿಪ್‌ಗಳಲ್ಲಿ ಕೋರ್‌ಗಳನ್ನು ಹೆಚ್ಚಿಸಬೇಕಾಯಿತು. ಅದರ ಲಾಭ ನಮ್ಮಂಥ ವಿದ್ಯಾರ್ಥಿಗಳಿಗೂ ಸಿಕ್ಕಿದೆ.

ಈಗ ಇಂಟೆಲ್ ಸರದಿ

ಇವತ್ತು ಹೊರಗಿನ ಹಣ ಬೇಕಾಗಿರುವುದು ಇಂಟೆಲ್‌ಗೆ. 2025ರ ಆಗಸ್ಟ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಅದೇ ತಿಂಗಳು ಅಮೆರಿಕ ಸರ್ಕಾರ 890 ಕೋಟಿ ಡಾಲರ್‌ಗೆ ಸುಮಾರು ಶೇ 10ರಷ್ಟು ಪಾಲು ಪಡೆಯುವ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ 500 ಕೋಟಿ ಡಾಲರ್ ಹೂಡಿಕೆ ಘೋಷಿಸಿತು. ಎರಡೂ ಸೇರಿ ಪಿಸಿ ಮತ್ತು ಡೇಟಾ ಸೆಂಟರ್‌ಗಳಿಗೆ ಚಿಪ್ ಮಾಡುವುದಾಗಿಯೂ ಹೇಳಿದವು.

ಮೂರು ಹಣವೂ ಒಂದೇ ಅಲ್ಲ. ಸಾಫ್ಟ್‌ಬ್ಯಾಂಕ್‌ಗೆ ಬೇಕಿರುವುದು ಲಾಭ. ಸರ್ಕಾರ ಪಾಲುದಾರನಾದಾಗ ಆಟದ ನಿಯಮ ಮಾಡುವವನೇ ಒಂದು ತಂಡದಲ್ಲಿ ಪಾಲು ಇಟ್ಟುಕೊಂಡಂತೆ. ಎನ್ವಿಡಿಯಾದ್ದು ಇನ್ನೂ ಸೂಕ್ಷ್ಮ. ಎಐ ಚಿಪ್‌ಗಳಲ್ಲಿ ಅದು ಇಂಟೆಲ್‌ಗೂ ಎಎಂಡಿಗೂ ಎದುರಾಳಿ. ಅದರ ಹಣದಿಂದ ಇಂಟೆಲ್ ಚೇತರಿಸಿಕೊಂಡು ಎಎಂಡಿಗೆ ಸರಿಯಾಗಿ ಪೈಪೋಟಿ ಕೊಟ್ಟರೆ ನಮಗೆ ಒಳ್ಳೆಯದು. ಆದರೆ ತನ್ನಲ್ಲಿ ಪಾಲು ಕೊಂಡವರ ವಿರುದ್ಧವೇ ಇಂಟೆಲ್ ತನ್ನ ಎಐ ಚಿಪ್‌ಗಳನ್ನು ಜೋರಾಗಿ ಮಾರುತ್ತದೆಯೇ? ಉತ್ತರ ಕೆಲವು ವರ್ಷಗಳಲ್ಲಿ ಕಾಣಲಿದೆ. ಹರಾಜು ಕಟ್ಟೆಯ ಲೆಕ್ಕ ಗೊತ್ತಿದ್ದವರಿಗೆ ಅನುಮಾನ ಬರುವುದು ಸಹಜ.

ನಮಗೇನು?

‘ಇಷ್ಟೆಲ್ಲ ತಿಳ್ಕೊಂಡು ನಮ್ಗೇನಾಗ್ಬೇಕು?’ ಎಂದು ಎಚ್.ಡಿ.ಕೋಟೆಯ ರೂಮ್‌ಮೇಟ್ ಕೇಳಿದಳು. ಆಗಬೇಕಾದ್ದು ತುಂಬಾ ಇದೆ. ಇಂಟೆಲ್, ಎಎಂಡಿ, ಎನ್ವಿಡಿಯಾ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. ಭಾರತದಲ್ಲಿ ಐದು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ 2023ರ ಜುಲೈನಲ್ಲಿ ಹೇಳಿದ ಎಎಂಡಿ, ಅದೇ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆಯಿತು. 2007ರಲ್ಲಿ ಅಬುಧಾಬಿಯ ಕೈ ಸಿಗದಿದ್ದರೆ ಈ ಕೆಲಸಗಳು ಇರುತ್ತಿದ್ದವೋ ಇಲ್ಲವೋ. ಎಂಜಿನಿಯರ್‌ಗೂ ಬೇಕಾದ್ದು ಅಪ್ಪ ಹರಾಜಿನಲ್ಲಿ ನೋಡುವುದೇ. ಕರೆಯುವ ಕಂಪನಿಗಳು ನಾಲ್ಕಿದ್ದರೆ ಸಂಬಳ ಕೇಳಬಹುದು. ಒಂದೇ ಇದ್ದರೆ ಕೊಟ್ಟಷ್ಟು ತೆಗೆದುಕೊಳ್ಳಬೇಕು.

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಕೇನ್ಸ್ ಟೆಕ್ನಾಲಜಿ ನಮ್ಮ ಮೈಸೂರಿನದೇ ಕಂಪನಿ, 1988ರಿಂದ ಇಲ್ಲಿದೆ. ಅದರ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. 3,300 ಕೋಟಿ ರೂಪಾಯಿಯ ಆ ಘಟಕಕ್ಕೆ ಆಯ್ಕೆಯಾದದ್ದು ಗುಜರಾತಿನ ಸಾನಂದ್. ಕೇಂದ್ರ ಯೋಜನಾ ವೆಚ್ಚದ ಅರ್ಧದಷ್ಟು ಕೊಡುವಾಗ ಅದರ ಮೇಲೆ ರಾಜ್ಯಗಳೂ ಪೈಪೋಟಿಯಲ್ಲಿ ಸಹಾಯಧನ ಕೊಡುತ್ತಿವೆ. ಅಂದರೆ ಕೂಗುವವರು ಬರೀ ಕಂಪನಿಗಳಲ್ಲ, ರಾಜ್ಯಗಳೂ ಹೌದು. ಈ ಹರಾಜಿನಲ್ಲಿ ಮೈಸೂರಿನ ಪರವಾಗಿ ಕೂಗುವವರು ಬೇಕು.

ಗೆಳೆಯರೇ, ಇನ್ನು ಮುಂದೆ ‘ಇಷ್ಟು ಸಾವಿರ ಕೋಟಿ ಹೂಡಿಕೆ’ ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ತಂತ್ರಜ್ಞಾನ ಯಾರ ಕೈಯಲ್ಲಿದೆ? ಅವರ ಮೇಲೆ ಯಾರ ಹಿಡಿತವಿದೆ? ಸಹಿ ಬಿದ್ದದ್ದು ಒಪ್ಪಂದಕ್ಕೋ, ತಪ್ಪಿಸಿಕೊಳ್ಳಲಾಗದ ಕರಾರಿಗೋ? 2022ರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆಯಲಿಲ್ಲ.

ಇಸಿ ತೆಗೆದುಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಕೋಚನಹಳ್ಳಿಯ ಆಸೆಯಿಂದ ಶುರುವಾದ ಓದು ಈಗ ಅದಿಲ್ಲದೆಯೂ ರುಚಿಸುತ್ತಿದೆ. ಕಾಲೇಜಿನ ಲ್ಯಾಬ್‌ನಲ್ಲಿ ವೆರಿಲಾಗ್ ಕಲಿಯುತ್ತಿದ್ದೇನೆ. ಮೊನ್ನೆ ಊರಿಗೆ ಹೋದಾಗ ಅಪ್ಪನಿಗೆ ಇಂಟೆಲ್, ಟವರ್ ಕಥೆಯನ್ನೆಲ್ಲ ಹೇಳಿದೆ. ಬೇಲ್ ಕಟ್ಟುತ್ತಿದ್ದ ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡು, ‘ಅಂದ್ರೆ ನಮ್ ಕಟ್ಟೆ ಥರಾನೇ ಅನ್ನು. ನಿನ್ ಸೊಪ್ಪು ಚೆನ್ನಾಗಿ ಬೇಯ್ಸಿರು, ಬೈಯರ್ ಇವತ್ತಲ್ಲ ನಾಳೆ ಬತ್ತನೆ’ ಎಂದರು. ಮೊದಲನೆಯ ಅರ್ಧ ನನ್ನ ಕೈಯಲ್ಲಿದೆ. ಉಳಿದರ್ಧಕ್ಕೆ ನಾಲ್ಕಾರು ಬೈಯರ್‌ಗಳು ಇರಲಿ ಎಂಬುದೇ ನನ್ನ ಆಸೆ.