ಊರಿಗೆ ಹೊರಡುವ ಮುನ್ನ ಹಳೆ ಕಾರಿನ ಬ್ಯಾಟರಿ ನೋಡಿಕೊಳ್ಳಿ

ಚೌತಿ, ದೀಪಾವಳಿ, ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ ಕನ್ನಡಿಗರ ಮನಸ್ಸು ಊರಿನತ್ತ ಓಡುತ್ತದೆ. ರೈಲು ಟಿಕೆಟ್ ಸಿಗದವರಿಗೆ ಸೊಸೈಟಿಯ ಕಂಪೌಂಡಿನಲ್ಲಿ ನಿಂತಿರುವ ಹಳೆ ಕಾರೇ ಗತಿ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಈಗಲೂ ಕೆಲವರ ಬಳಿ ಇದೆ. ವಾರವಿಡೀ ನಿಂತಲ್ಲೇ ಇರುವ ಇಂಥ ಕಾರು ಮಕ್ಕಳುಮರಿಗಳೊಂದಿಗೆ ಉಡುಪಿ, ಮಂಗಳೂರಿಗೆ ಹೊರಟು, ಮಳೆಯ ರಾತ್ರಿ ಕೊಂಕಣದ ಘಾಟಿಯಲ್ಲಿ ಹೆಡ್‌ಲೈಟ್ ಮಂಕಾಗಿ ನಿಂತರೆ ಪ್ರಾಣಕ್ಕೇ ಅಪಾಯ.

ಕಾರು ಸ್ಟಾರ್ಟ್ ಆಗದಿದ್ದರೆ ನೇರವಾಗಿ ಹೊಸ ಬ್ಯಾಟರಿ ಕೊಳ್ಳುವವರೇ ಹೆಚ್ಚು. ಆದರೆ ಬ್ಯಾಟರಿ ಎಂಬುದು ಉಳಿತಾಯ ಖಾತೆಯಂತೆ. ಅದಕ್ಕೆ ಜಮೆ ಮಾಡುವುದು ಆಲ್ಟರ್ನೇಟರ್. ಜಮೆಯೇ ಇಲ್ಲದಿದ್ದರೆ ಹೊಸ ಖಾತೆಯೂ ಬರಿದಾಗುತ್ತದೆ. ಆದ್ದರಿಂದ ಹಣ ತೆರುವ ಮೊದಲು ಅಳೆದು ನೋಡಬೇಕು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು.

ಮೊದಲು ಕಣ್ಣಿನ ಪರೀಕ್ಷೆ: ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾದಿಂದ ತೊಳೆದು ಒಣಗಿಸಿ ಬಿಗಿ ಮಾಡಿ. ತೊಳೆಯುವಾಗ ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಿಸಿ. ಎಂಜಿನ್‌ಗೆ ಹೋಗುವ ಅರ್ತ್ ವಯರ್ ಸಡಿಲವಾಗಿದ್ದರೂ ಸೆಲ್ಫ್ ತಿರುಗುವುದಿಲ್ಲ.

ಎರಡನೆಯದು, ನಿಂತ ಕಾರಿನ ಅಳತೆ: ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ ಎಂದರ್ಥ. 12.2 ಎಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಆದರೂ ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ ಮತ್ತೆ ಅಳೆಯದೆ ಬ್ಯಾಟರಿ ಬದಲಿಸಬೇಡಿ.

ಮೂರನೆಯದು, ಚಾರ್ಜಿಂಗ್: ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ ಸ್ವಲ್ಪ ಆ್ಯಕ್ಸಿಲರೇಟರ್ ಒತ್ತಿದರೆ 13.8ರಿಂದ 14.5 ವೋಲ್ಟ್ ತೋರಿಸಬೇಕು. 13ಕ್ಕಿಂತ ಕಡಿಮೆಯಾದರೆ ಬೆಲ್ಟ್, ವಯರ್ ಅಥವಾ ಆಲ್ಟರ್ನೇಟರಿನಲ್ಲಿ ದೋಷವಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಆರುತ್ತದೆ. ಆಲ್ಟರ್ನೇಟರಿನ ಕಾರ್ಬನ್ ಬ್ರಶ್ ಸವೆದಿದ್ದರೆ ಎಷ್ಟೋ ಸಲ ಬ್ರಶ್ ಬದಲಿಸಿದರೇ ಸಾಕಾಗುತ್ತದೆ.

ಎಲ್ಲವೂ ಸರಿಯಿದ್ದು, ನಿಲ್ಲಿಸಿದ ಎರಡೇ ದಿನದಲ್ಲಿ ಬ್ಯಾಟರಿ ಇಳಿದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಆರದ ಡಿಕ್ಕಿ ದೀಪ, ಆಮೇಲೆ ಜೋಡಿಸಿದ ಸ್ಟೀರಿಯೊ ಇವುಗಳನ್ನು ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ಎಂಜಿನ್ ಓಡುವಾಗ ಬ್ಯಾಟರಿ ವಯರ್ ಕಳಚಿ ಚಾರ್ಜಿಂಗ್ ನೋಡುವ ಹಳೆಯ ಪದ್ಧತಿ ಬೇಡವೇ ಬೇಡ. ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗಬಹುದು. ಬ್ಯಾಟರಿ ಬಳಿ ಬೀಡಿ, ಸಿಗರೇಟು, ಬೆಂಕಿಕಡ್ಡಿ ಕೂಡದು. ಅದರಿಂದ ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್.

ದಾರಿಯಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿದರೆ ಮೊದಲು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬೆಲ್ಟ್ ನೋಡಿ. ಮಾರುತಿ 800ರಂಥ ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ತುಂಡಾಗಿದ್ದರೆ ಮುಂದೆ ಹೋಗಬಾರದು, ಎಂಜಿನ್ ಕಾದು ಕೆಡುತ್ತದೆ. ಬೆಲ್ಟ್ ಸರಿಯಿದ್ದರೆ ಎ.ಸಿ., ರೇಡಿಯೊ ಆರಿಸಿ, ಹಗಲಾದರೆ ಹತ್ತಿರದ ಪೇಟೆಯವರೆಗೆ ಹೋಗಬಹುದು. ರಾತ್ರಿ ಆ ಸಾಹಸ ಬೇಡ.

ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಹೊರಡುವ ಹಿಂದಿನ ದಿನ ಗ್ಯಾರೇಜುಗಳಲ್ಲಿ ನೂಕುನುಗ್ಗಲು. ಎಂಟು ದಿನ ಮೊದಲೇ ನೋಡಿಕೊಂಡರೆ ದುರಸ್ತಿಗೂ ಸಮಯ ಸಿಗುತ್ತದೆ, ಹಬ್ಬದ ದಿನ ಮನೆಮಂದಿ ಸುಖವಾಗಿ ಊರು ಸೇರಬಹುದು.